ಇಸ್ಮಾಯಿಲ್ ಭಾಯಿ ನಮ್ಮೂರವನೇ ಆಗಿದ್ದ

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ತಿರುಗುವ ರೈಲು ದಾರಿ ಶುರುವಾದದ್ದು 1874ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು ಮುಂಬೈ ಕಡೆಯ ಹಳಿ, ಮದರಾಸು ಕಡೆಯ ಹಳಿ ಎರಡೂ ರಾಯಚೂರಿನಲ್ಲಿ ಕೂಡಿದ್ದವು. ಆ ದೊಡ್ಡ ದಾರಿಗೆ ನಿಜಾಮರ ರಾಜಧಾನಿಯನ್ನು ಜೋಡಿಸಿದ್ದು ನಮ್ಮ ವಾಡಿ. ಹಾಗಾಗಿ ಈ ಸಾಲಿನ ಊರುಗಳಾದ ಚಿತ್ತಾಪುರ, ಮಳಖೇಡ, ಸೇಡಂಗಳಿಗೆ ಬೆಂಗಳೂರು ದೂರದ ನೆಂಟರ ಮನೆ, ಹೈದರಾಬಾದು ಪಕ್ಕದ ಮನೆ. ಮದುವೆಯ ಜವಳಿ, ಮದುಮಗಳ ಬಳೆ, ಕೈಮೀರಿದ ಕಾಯಿಲೆಗೆ ದೊಡ್ಡ ದವಾಖಾನಿ, ಓದಿದ ಹುಡುಗರಿಗೆ ಮೊದಲ ನೌಕರಿ ಎಲ್ಲಕ್ಕೂ ಅದೇ ರೈಲು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಡಳಿತದ ಕಾಗದ ಬೆಂಗಳೂರಿನ ದಾರಿ ಹಿಡಿದವು. ಜನ ಮಾತ್ರ ಬಹಳ ವರ್ಷ ತಾಂಡೂರು, ವಿಕಾರಾಬಾದಿನ ದಾರಿಯಲ್ಲೇ ಓಡಾಡಿದರು.

ನಮ್ಮ ಹರೆಯದ ಸಿನಿಮಾ ಬಂದದ್ದೂ ಅದೇ ಹಳಿಯ ಮೇಲೆ. ಹೆಸರು 'ದಿ ಅಂಗ್ರೇಜ್'. 2005ರ ಚಿತ್ರ. ನಿರ್ದೇಶಕ ಕುಂಟಾ ನಿಖಿಲ್. ಒಂದು ಮುಖ್ಯ ಪಾತ್ರವೂ ಅವರದೇ. ದೊಡ್ಡ ನಟರಿಲ್ಲ, ದೊಡ್ಡ ದುಡ್ಡಿಲ್ಲ. ಅಮೆರಿಕದಿಂದ ಇಬ್ಬರು ಹುಡುಗರು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆ ಬರುತ್ತಾರೆ. ಚಾರ್ಮಿನಾರ್ ನೋಡಲು ಹೋದಾಗ ಅಲ್ಲಿ ಸದಾ ಠಿಕಾಣಿ ಹೂಡಿರುವ ಇಸ್ಮಾಯಿಲ್ ಭಾಯಿಯ ಪಟಾಲಮ್ಮಿನ ಜತೆ ಜಟಾಪಟಿಯಾಗುತ್ತದೆ. ಇಸ್ಮಾಯಿಲ್ ಭಾಯಿಗೆ ಅವಮಾನ. ಸೇಡು ತೀರಿಸಿಕೊಂಡೇ ತೀರುತ್ತೇನೆ ಎಂಬ ಹಟ. ಇನ್ನೊಂದು ಕಡೆ ಮಾಮಾ ಎಂಬ ಗೂಂಡಾನ ಪಡೆ ಅದೇ ಹುಡುಗರ ಪೈಕಿ ಒಬ್ಬನನ್ನು ಎತ್ತಿಕೊಂಡು ಹೋಗಿ ದುಡ್ಡು ಕೀಳಲು ಹೊಂಚು ಹಾಕುತ್ತದೆ. ಎರಡೂ ಪಡೆಗಳಿಗೆ ಒಂದು ಕೆಲಸವೂ ನೆಟ್ಟಗೆ ಬರುವುದಿಲ್ಲ. ಕತೆ ಇಷ್ಟೇ.

ಕತೆಗಾಗಿ ಯಾರೂ ಅದನ್ನು ನೋಡಲಿಲ್ಲ. ಇಸ್ಮಾಯಿಲ್ ಭಾಯಿಯಾಗಿ ಧೀರ್ ಚರಣ್ ಶ್ರೀವಾಸ್ತವ, ಸಲೀಂ ಫೇಕು ಆಗಿ ಮಸ್ತ್ ಅಲಿ. ಈ ಇಬ್ಬರು ಮಾತಾಡುವುದನ್ನು ಕೇಳಲು ನೋಡಿದೆವು. ಸಲೀಂನ ಹೆಸರಿನಲ್ಲೇ ಅವನ ಕಸಬಿದೆ: ಬಾಯಿ ತೆರೆದರೆ ಬುರುಡೆ. ಕಣ್ಣು ಅಲುಗಿಸದೆ, ದನಿ ಏರಿಸದೆ, ನಿನ್ನೆ ಸಂತೆಗೆ ಹೋಗಿದ್ದೆ ಅನ್ನುವಷ್ಟೇ ಸಲೀಸಾಗಿ ಅವನು ಎಂಥ ಸುಳ್ಳನ್ನೂ ಹೇಳಬಲ್ಲ. ಸುತ್ತಲಿನವರಿಗೆ ಅದು ಸುಳ್ಳೆಂದು ಗೊತ್ತು. ಗೊತ್ತಿದ್ದೂ ಕೇಳುತ್ತಾರೆ. ಆ ಕೇಳುವಿಕೆಯ ಬಗ್ಗೆ ಮುಂದೆ ಹೇಳುತ್ತೇನೆ, ಯಾಕೆಂದರೆ ಈ ಬರಹಕ್ಕೆ ಕಾರಣವೇ ಅದು.

ನಮಗೆ ಆ ಚಿತ್ರ ಥಿಯೇಟರಿನಲ್ಲಿ ಸಿಗಲಿಲ್ಲ. ಹೈದರಾಬಾದಿಗೆ ಹೋಗಿಬಂದ ಯಾರೋ ಎರಡು ವಿಸಿಡಿ ತಂದರು. ಪ್ಲಾಸ್ಟಿಕ್ ಚೀಲದೊಳಗೆ ಮಸುಕು ಮಸುಕಾಗಿ ಅಚ್ಚಾದ ಚಾರ್ಮಿನಾರಿನ ಚಿತ್ರ. ಮೊದಲು ವಾಡಿಯ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಓಡಿತು, ಅಲ್ಲಿಂದ ಚಿತ್ತಾಪುರಕ್ಕೆ, ಶಹಾಬಾದಿಗೆ ಹೋಯಿತು. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯ ದೋಸ್ತನೊಬ್ಬ ಸೇಡಂನಲ್ಲಿ ಓದುತ್ತಿದ್ದ, ಅವನ ಚೀಲದಲ್ಲಿ ಬಸ್ಸು ಹತ್ತಿ ಅಲ್ಲಿಗೂ ತಲುಪಿತು. ವಾಪಸು ಬರುವ ಹೊತ್ತಿಗೆ ಡಿಸ್ಕಿನ ಮೇಲೆ ಗೀರು ಬಿದ್ದಿದ್ದವು. ಗೀರು ಬಿದ್ದಲ್ಲಿ ಚಿತ್ರ ನಿಂತುಬಿಡುತ್ತಿತ್ತು; ಇಸ್ಮಾಯಿಲ್ ಭಾಯಿ ಬಾಯಿ ತೆರೆದುಕೊಂಡು ಚೌಕ ಚೌಕವಾಗಿ ಒಡೆದು ಹೋಗುತ್ತಿದ್ದ. ಆಗ ಕೋಣೆಯಲ್ಲಿದ್ದವರೇ ಮುಂದಿನ ಮಾತು ಹೇಳಿ ಮುಗಿಸುತ್ತಿದ್ದರು. ಮಷಿನ್ ಮತ್ತೆ ಚಾಲೂ ಆಗುವಷ್ಟರಲ್ಲಿ ಇಸ್ಮಾಯಿಲ್ ಭಾಯಿಯ ಮಾತಿನ ಮೇಲೆ ನಮ್ಮವರ ಮಾತೂ ಸೇರಿ ನಗು ಎರಡು ಪಟ್ಟಾಗುತ್ತಿತ್ತು.

ಆ ಕೋಣೆ ಗಡಿಯಾರ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಅಂಗಡಿಯೊಂದರ ಹಿಂದಿನ ಭಾಗ. ನೆಲಕ್ಕೆ ಶಹಾಬಾದಿನ ಫರ್ಸಿ. ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಬೇವಿನ ಎಲೆಗಳ ಮೇಲೆ ಸಿಮೆಂಟಿನ ಧೂಳು ಕೂತು ಹಸಿರೆಲ್ಲ ಬೂದಿಯಾಗಿರುತ್ತದೆ. ಒಳಗೆ ಮಾತ್ರ ಆ ಕಲ್ಲಿನ ನೆಲ ತಣ್ಣಗೆ. ಅಂಗಿ ಬಿಚ್ಚಿ ಬೆನ್ನು ಹಚ್ಚಿ ಮಲಗಿದರೆ ಏಳಲು ಮನಸ್ಸಾಗದು. ಹಾಗೆ ಮಲಗಿ, ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರು ತಲೆಯಿಟ್ಟು ನೋಡುತ್ತಿದ್ದೆವು. ಕೆಳಗಿನವನು ನಕ್ಕರೆ ಮೇಲಿನವನ ತಲೆ ಕುಣಿಯುತ್ತಿತ್ತು. ಗೂಡ್ಸ್ ಗಾಡಿ ಹೋದರೆ ಗೋಡೆಗೆ ನೇತುಹಾಕಿದ ಗಡಿಯಾರಗಳೆಲ್ಲ ಗಲಗಲ ಅನ್ನುತ್ತಿದ್ದವು.

ನಮ್ಮ ಗುಂಪಿನಲ್ಲಿ ಮನೆಯಲ್ಲಿ ಕನ್ನಡ ಆಡುವವರಿದ್ದರು, ದಖ್ಖನಿ ಆಡುವವರಿದ್ದರು, ಸೇಡಂ ಆಚೆಯ ಹಳ್ಳಿಗಳಿಂದ ಬಂದ ತೆಲುಗಿನವರಿದ್ದರು, ಲಂಬಾಣಿ ತಾಂಡಾದ ಒಬ್ಬನಿದ್ದ. ಯಾರಿಗೂ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಬಜಾರಿನಲ್ಲಿ ದಿನಾ ಕಿವಿಗೆ ಬೀಳುವ ಮಾತೇ ಪರದೆಯ ಮೇಲೂ ಇತ್ತು. ನನ್ನ ಅವ್ವ ಒಂದಕ್ಷರ ಉರ್ದು ಓದಲಾರಳು. ಆದರೆ ಬಾಗಿಲಿಗೆ ಬಂದ ಬಳೆಗಾರ್ತಿಯ ಜತೆ ಅರ್ಧ ತಾಸು ದಖ್ಖನಿಯಲ್ಲಿ ಚೌಕಾಶಿ ಮಾಡಿ, ಕೊನೆಗೆ ಅವಳ ಮಗಳ ಮದುವೆಯ ಸುದ್ದಿಯನ್ನೂ ಕೇಳಿ, ಅದೇ ಉಸಿರಿನಲ್ಲಿ ಕನ್ನಡದಲ್ಲಿ ನನ್ನನ್ನು ಬೈಯುತ್ತಿದ್ದಳು.

ಈ ಮಾತು ನಮಗೆ ಹೈದರಾಬಾದು ಕೊಟ್ಟ ದಾನವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1347ರಲ್ಲಿ ಬಹಮನಿಗಳ ರಾಜ್ಯ ಹುಟ್ಟಿದಾಗ ಅದರ ರಾಜಧಾನಿ ಕಲಬುರಗಿ. ಹೈದರಾಬಾದು ಆಗ ಇರಲೇ ಇಲ್ಲ. ಚಾರ್ಮಿನಾರ್ ಎದ್ದದ್ದು 1591ರಲ್ಲಿ. ದಖ್ಖನಿಯ ಮೊದಲ ಹೆಸರುಗಳನ್ನು ಹೇಳುವವರು ಕಲಬುರಗಿಯ ಬಂದೇನವಾಜರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ತನ್ನ 'ಕಿತಾಬ್-ಎ-ನೌರಸ್' ಬರೆದದ್ದು ದಖ್ಖನಿಯಲ್ಲೇ; ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಗಣಪತಿಯ ಸ್ತುತಿಯೂ ಇದೆ. ಮರಾಠಿ, ಕನ್ನಡ, ತೆಲುಗುಗಳ ಮಗ್ಗುಲಲ್ಲಿ ಬೆಳೆದ ಭಾಷೆ ಇದು. ದಿಲ್ಲಿಯ ಉರ್ದು ಪಂಡಿತರಿಗೆ ಒರಟೆನಿಸಿದ್ದು ನಮಗೆ ಮನೆಯ ಮಾತೆನಿಸಿದ್ದು ಅದಕ್ಕೇ.

ನಗಿಸುವ ಕೆಲಸವೂ ಅದಕ್ಕೆ ಹೊಸದೇನಲ್ಲ. ಕಲಬುರಗಿಯಲ್ಲೇ ಬದುಕಿದ ಸುಲೇಮಾನ್ ಖತೀಬರು ದಖ್ಖನಿಯ ದೊಡ್ಡ ಹಾಸ್ಯಕವಿ. ಅವರ 'ಕೇವಡೇ ಕಾ ಬನ್' ಸಂಕಲನದ ಹೆಸರು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಈಗಲೂ ಇದೆ. ಅತ್ತೆ–ಸೊಸೆ, ವರದಕ್ಷಿಣೆ, ಬಡತನ, ಎಲ್ಲವನ್ನೂ ಅವರು ಅಡುಗೆಮನೆಯ ಮಾತಿನಲ್ಲಿ ತಂದರು. ನಗುತ್ತ ನಗುತ್ತ ಕೇಳುವವರ ಗಂಟಲು ಕಟ್ಟುತ್ತಿತ್ತು ಎಂದು ಮುಷಾಯಿರಾ ಕೇಳಿದವರು ಹೇಳುತ್ತಾರೆ. ಹಿಂದಿ ಸಿನಿಮಾದಲ್ಲಿ 1965ರ 'ಗುಮ್ನಾಮ್' ಚಿತ್ರದ ಬಟ್ಲರ್ ಆಗಿ ಮೆಹಮೂದ್ ಈ ಮಾತನ್ನು ದೇಶಕ್ಕೆಲ್ಲ ಕೇಳಿಸಿದರು. ಶ್ಯಾಮ್ ಬೆನೆಗಲ್ 1974ರ 'ಅಂಕುರ್'ನಲ್ಲಿ ಅದನ್ನೇ ಗಂಭೀರವಾಗಿ ಬಳಸಿದರು. ಆ ಚಿತ್ರದ ಜಮೀನ್ದಾರನ ಮಗನಾಗಿ ಬಂದವರು ನಮ್ಮ ಅನಂತ್ ನಾಗ್. ಆದರೆ ಮೆಹಮೂದರ ದಖ್ಖನಿ ಮುಂಬೈಯವರನ್ನು ನಗಿಸಲು ಮಾಡಿದ್ದು. 'ದಿ ಅಂಗ್ರೇಜ್'ನಲ್ಲಿ ದಖ್ಖನಿಯವರೇ ದಖ್ಖನಿಯವರನ್ನು ನಗಿಸಿದರು. ಪಕ್ಕದಲ್ಲಿ ಕೂತ ನಾವೂ ನಕ್ಕೆವು.

ಕನ್ನಡ ಹಾಸ್ಯಚಿತ್ರಗಳನ್ನು ನಾವು ನೋಡಲಿಲ್ಲ ಅಂತಲ್ಲ. ಬೆಂಗಳೂರಿಗಿಂತ ಮೊದಲೇ ಟೀವಿ ಕಂಡ ಜಿಲ್ಲೆ ನಮ್ಮದು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಿದ ಪ್ರಯೋಗದಲ್ಲಿ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಇದ್ದವು. ಮುಂದೆ ಮನೆಮನೆಗೂ ಟೀವಿ ಬಂದಾಗ ಫಣಿ ರಾಮಚಂದ್ರರ 'ಗಣೇಶನ ಮದುವೆ'ಯನ್ನು ಎಷ್ಟು ಸಲ ಹಾಕಿದರೂ ಅಷ್ಟೂ ಸಲ ನೋಡುತ್ತಿದ್ದೆವು. ಅನಂತ್ ನಾಗರ ಆ ಚಿತ್ರ ಇವತ್ತಿಗೂ ನನಗೆ ಇಷ್ಟ. ಆದರೆ ಅಲ್ಲಿಯ ವಠಾರ, ಅಲ್ಲಿಯ ಮನೆ ಓನರು, ಅಲ್ಲಿಯ ಕನ್ನಡ ನಮಗೆ ಪರದೇಶ. ಸಿನಿಮಾದಲ್ಲಿ ನಮ್ಮ ಕಡೆಯ ಕನ್ನಡ ಕೇಳಿದರೆ ಅದು ಬಹುಮಟ್ಟಿಗೆ ದಡ್ಡನ ಬಾಯಲ್ಲೋ ರೌಡಿಯ ಬಾಯಲ್ಲೋ ಇರುತ್ತಿತ್ತು. ಅದೂ ಧಾರವಾಡದ್ದನ್ನು ಅರ್ಧಂಬರ್ಧ ಅನುಕರಿಸಿದ್ದು. ಕಲಬುರಗಿಯ, ಸೇಡಂನ ಧಾಟಿ ಅಲ್ಲಿ ಇಲ್ಲವೇ ಇಲ್ಲ. ನಾಟಕ ಕಂಪನಿಯ ಕಡೆಯಿಂದ ಬಂದ ರಾಜು ತಾಳಿಕೋಟಿಯವರ 'ಕಲಿಯುಗದ ಕುಡುಕ' ಕ್ಯಾಸೆಟ್ಟು ಆ ಕೊರತೆಯನ್ನು ಒಂದಿಷ್ಟು ತುಂಬಿತ್ತು. ಟಂಟಂಗಳಲ್ಲಿ, ಚಹಾದಂಗಡಿಗಳಲ್ಲಿ ಅದೇ ಕೂಗುತ್ತಿತ್ತು. 2009ರ 'ಮನಸಾರೆ'ಯಲ್ಲಿ ಅವರನ್ನು ಪರದೆಯ ಮೇಲೆ ಕಂಡಾಗ ನಮ್ಮವನೊಬ್ಬ ಗೆದ್ದ ಎಂದು ಖುಷಿಪಟ್ಟೆವು. 2025ರ ಅಕ್ಟೋಬರಿನಲ್ಲಿ ಅವರೂ ಹೋದರು.

ಕನ್ನಡಿಗನಾಗಿ ಹೇಳಲು ಸಂಕಟವಾಗುವ ಮಾತು, ಆದರೂ ಖರೇ ಮಾತು: ಬೆಂಗಳೂರಿನ ಸಿನಿಮಾ ಕನ್ನಡಕ್ಕಿಂತ ಚಾರ್ಮಿನಾರಿನ ದಖ್ಖನಿ ನನ್ನ ಕಿವಿಗೆ ಹತ್ತಿರವಾಗಿತ್ತು. ಇಸ್ಮಾಯಿಲ್ ಭಾಯಿಯನ್ನು ನಾನು ದಿನಾ ನೋಡುತ್ತಿದ್ದೆ. ಸಲೀಂ ಫೇಕು ನಮ್ಮ ಸ್ಟೇಷನ್ ರೋಡಿನ ಹೋಟೆಲಿನಲ್ಲಿ ಕೂತಿರುತ್ತಿದ್ದ.

ಆ ಹೋಟೆಲಿನ ಸಲೀಂ ಒಬ್ಬ ಮುದಿ ಲಾರಿ ಡ್ರೈವರು. ಶಹಾಬಾದಿನ ಖಣಿಗಳಿಂದ ಹೈದರಾಬಾದಿಗೆ ಫರ್ಸಿ ಸಾಗಿಸಿ ಸಾಗಿಸಿ ಸೊಂಟ ಬಿದ್ದು ಮನೆಯಲ್ಲಿದ್ದ. ಬೆಳಿಗ್ಗೆ ಸುಸಲಾ–ಮಿರ್ಚಿಯ ಹೊತ್ತಿಗೆ ಬಂದು ಗೋಡೆಯ ಪಕ್ಕದ ಬೆಂಚು ಹಿಡಿದರೆ ಏಳುತ್ತಿದ್ದದ್ದು ಮಧ್ಯಾಹ್ನಕ್ಕೆ. ಬಸಿಯಲ್ಲಿ ಚಹಾ ಸುರಿದುಕೊಂಡು, ಅದು ಆರುವ ತನಕ ಮಾತು. ಅವನು ಹೇಳಿದ ಒಂದು ಕತೆ ಮಾತ್ರ ನನಗೆ ಪೂರ್ತಿ ನೆನಪಿದೆ. ಒಂದು ರಾತ್ರಿ ಲೋಡು ತುಂಬಿದ ಲಾರಿಯನ್ನು ಹಳೇ ಶಹರದಲ್ಲಿ ರಿವರ್ಸ್ ತೆಗೆಯುವಾಗ ಹಿಂದೆ ಏನೋ ಧಡ್ ಅಂದಿತಂತೆ. ಇಳಿದು ನೋಡಿದರೆ ಚಾರ್ಮಿನಾರಿನ ಒಂದು ಮಿನಾರು ವಾಲಿದೆ.

"ನಾಕರಾಗ ಯಾವ್ದಪಾ ಅದು?" ಖಣಿಯ ಮೇಸ್ತ್ರಿ ಕೇಳಿದ.

"ಬಳಿ ಬಜಾರದ ಕಡೀದು." ಡ್ರೈವರ್ ಒಂದು ಕ್ಷಣವೂ ತಡವರಿಸಲಿಲ್ಲ.

"ಪೊಲೀಸರು?"

"ಸಬ್ ಸೋ ರಹೇ ಥೇ ಮಿಯಾಂ. ರಾತ್ರಿ ಎರಡು ಗಂಟಿ."

ಆಮೇಲೆ ಹಗ್ಗ ತೆಗೆದು ಮಿನಾರಿಗೆ ಕಟ್ಟಿ, ಇನ್ನೊಂದು ತುದಿ ಲಾರಿಗೆ ಬಿಗಿದು, ಮೊದಲನೇ ಗೇರಿನಲ್ಲಿ ಮೆಲ್ಲಗೆ ಎಳೆದು, ಬೆಳಗಿನ ಅಜಾನ್ ಆಗುವುದರೊಳಗೆ ನೆಟ್ಟಗೆ ನಿಲ್ಲಿಸಿದನಂತೆ. ಈಗಲೂ ಹೋಗಿ ನೋಡ್ರಿ, ಒಂದು ಸೂತು ಆಕಡೆ ವಾಲೇದ, ಅಂದ. ಕಿರಾಣಿ ಅಂಗಡಿಯ ಸಾಹುಕಾರ ಅಲ್ಲೇ ಇದ್ದ. ಅವನು ಚಹಾ ಕೆಳಗಿಟ್ಟು ಬಲು ಗಂಭೀರವಾಗಿ ಕೇಳಿದ: "ಅಲ್ಲೋ, ಮಿನಾರು ಎಳಿಯೋವಂಥ ಹಗ್ಗ ಎಲ್ಲಿ ತಂದಿ?"

"ನಿಮ್ಮ ಅಂಗಡ್ಯಾಗಿಂದೇ ಸಾಹುಕಾರ್ರೆ. ಉದ್ರಿ ಬರಿಸಿದ್ದೆ. ಅದರ ರೊಕ್ಕ ಇನ್ನೂ ಕೊಟ್ಟಿಲ್ಲ."

ಹೋಟೆಲಿಗೆ ಹೋಟೆಲೇ ಬಿದ್ದು ಬಿದ್ದು ನಕ್ಕಿತು. ಸಾಹುಕಾರ ಎಲ್ಲರಿಗಿಂತ ಹೆಚ್ಚು ನಕ್ಕ. ಆವತ್ತಿನ ಚಹಾದ ಬಿಲ್ಲು ಅವನದೇ.

ಈ ಸಣ್ಣ ಪ್ರಸಂಗದಲ್ಲಿ ಯಾರು ದೊಡ್ಡ ಕಲಾವಿದ ಎಂದು ಕೇಳಿದರೆ ನಾನು ಡ್ರೈವರನ ಜತೆಗೆ ಮೇಸ್ತ್ರಿ ಮತ್ತು ಸಾಹುಕಾರರ ಹೆಸರನ್ನೂ ಹೇಳುತ್ತೇನೆ. ಬುರುಡೆ ಬಿಡುವವನು ಒಬ್ಬನೇ ಏನೂ ಮಾಡಲಾರ. ಸುಳ್ಳೆಂದು ಗೊತ್ತಿದ್ದೂ ನಂಬಿದವನ ಹಾಗೆ ಮುಖ ಮಾಡಿಕೊಂಡು ಮುಂದಿನ ಪ್ರಶ್ನೆ ಕೇಳುವವನು ಬೇಕು. ಆ ಪ್ರಶ್ನೆ ಅವನನ್ನು ಇನ್ನೊಂದು ಮೆಟ್ಟಿಲು ಹತ್ತಿಸುವಂತಿರಬೇಕು, ಕೆಳಗೆ ಕೆಡವುವಂತಿರಬಾರದು. ಕೇಳಿದವನು ಆ ಮಾತಿನ ಪೆಟ್ಟು ತಿನ್ನಲೂ ತಯಾರಿರಬೇಕು. ಕನ್ನಡದ ಪ್ರಶ್ನೆಗೆ ದಖ್ಖನಿಯ ಉತ್ತರ, ದಖ್ಖನಿಯ ಬೆರಗಿಗೆ ಕನ್ನಡದ ಕೊಕ್ಕೆ, ನಡುವೆ ಯಾರೋ ತೆಲುಗಿನಲ್ಲಿ ಗೊಣಗಿದ್ದು. ಬಹಳ ಜನ ಬಹಳ ವರ್ಷ ಒಂದೇ ಬೆಂಚಿನ ಮೇಲೆ ಕೂತು ಕಲಿತ ವಿದ್ಯೆ ಅದು. 'ದಿ ಅಂಗ್ರೇಜ್'ನ ಚಹಾದ ಮೇಜಿನ ಸುತ್ತ ನಡೆಯುವುದೂ ಅದೇ. ಸಲೀಂ ಬಿಡುವ ಬುರುಡೆಯ ಅರ್ಧ ರುಚಿ ಸುತ್ತಲಿನ ಜಹಾಂಗೀರ ಮೊದಲಾದವರ ಮುಖದಲ್ಲಿದೆ.

ಮೊನ್ನೆ ಆ ಚಿತ್ರವನ್ನು ಮತ್ತೆ ನೋಡಿದೆ. ಫೋನಿನಲ್ಲಿ, ಕಿವಿಗೆ ವಯರು ಹಾಕಿಕೊಂಡು, ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಎಲ್ಲೂ ನಿಲ್ಲಲಿಲ್ಲ, ಚೌಕ ಚೌಕವಾಗಿ ಒಡೆಯಲಿಲ್ಲ. ನೋಡುತ್ತಿದ್ದಂತೆ ಅದರ ಕೊರತೆಗಳೆಲ್ಲ ಕಂಡವು. ಸಾಫ್ಟ್‌ವೇರ್ ಹುಡುಗರ ಪ್ರೇಮದ ಭಾಗ ಸಪ್ಪೆ. ಆಗಲೂ ನಾವು ಅದನ್ನು ಓಡಿಸಿಬಿಡುತ್ತಿದ್ದೆವು. ಹೆಣ್ಣುಮಕ್ಕಳಿಗೆ ನಗಿಸುವ ಅವಕಾಶವನ್ನೇ ಕೊಟ್ಟಿಲ್ಲ. ನಮ್ಮ ಕಡೆ ಬಾಯಿ ಜೋರಿದ್ದ, ಗಂಡಸರನ್ನು ಮಾತಿನಲ್ಲೇ ಉರುಳಿಸುತ್ತಿದ್ದ ಎಷ್ಟೋ ಹೆಂಗಸರನ್ನು ಕಂಡ ನನಗೆ ಇದು ದೊಡ್ಡ ಲೋಪವಾಗಿ ಕಂಡಿತು. ಹಳೇ ಶಹರದ ಮುಸ್ಲಿಂ ಹುಡುಗರೆಂದರೆ ಕೆಲಸವಿಲ್ಲದ ಪುಂಡರು ಎಂಬ ಚಿತ್ರಣವನ್ನು ಇಂದಿನ ಹೊತ್ತಿನಲ್ಲಿ ಯಾರಾದರೂ ಆಕ್ಷೇಪಿಸಿದರೆ ಅವರ ಮಾತನ್ನು ತಳ್ಳಿಹಾಕಲಾರೆ.

ಆದರೂ ನಕ್ಕೆ. ಇಸ್ಮಾಯಿಲ್ ಭಾಯಿ ಸೇಡಿನ ಯೋಜನೆ ಹಾಕುವಾಗಿನ ಆ ಗಾಂಭೀರ್ಯ, ಅವನ ಹಿಂದೆ ಒಲ್ಲದ ಮನಸ್ಸಿನಿಂದ ಹೊರಡುವ ಪಟಾಲಂ, ಯಾರದೋ ಮನೆಗೆ ನುಗ್ಗಲು ಹೋಗಿ ತಾವೇ ಹೆದರುವ ರೀತಿ, ಇವು ಒಂದಿಷ್ಟೂ ಹಳತಾಗಿಲ್ಲ. ಧೀರ್ ಚರಣ್ ಶ್ರೀವಾಸ್ತವ ಎಂಬ ಹೆಸರಿನ ಕಲಾವಿದರು ಇಸ್ಮಾಯಿಲ್ ಭಾಯಿಯಾಗಿದ್ದಾರೆ ಎಂಬುದು ಈ ಸಲ ನನ್ನ ಗಮನಕ್ಕೆ ಬಂತು. ಆಗ ಯಾರೂ ಆ ಬಗ್ಗೆ ಚಕಾರ ಎತ್ತಿರಲಿಲ್ಲ. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಮುಸ್ಲಿಂ ಕಲಾವಿದರು ದೇವರ ಪಾತ್ರ ಮಾಡಿದಾಗಲೂ ಎತ್ತುತ್ತಿರಲಿಲ್ಲ. ಮೊಹರಮ್ಮಿನಲ್ಲಿ ಹಿಂದೂಗಳು ಅಲಾಯಿ ಕುಣಿಯುವ ಸೀಮೆ ಇದು. ವಾಡಿಯ ಹತ್ತಿರದ ಹಲಕಟ್ಟಾ ದರ್ಗಾದ ಉರುಸಿಗೆ ಹೈದರಾಬಾದಿನ ಜನ ಬಂದಿಳಿದರೆ ಊರಿನ ಕನ್ನಡದವರೇ ಅವರಿಗೆ ದಾರಿ ತೋರಿಸುತ್ತಿದ್ದರು, ಅವರದೇ ಮಾತಿನಲ್ಲಿ.

ನಗುತ್ತ ನಗುತ್ತ ಒಂದು ಹಂತದಲ್ಲಿ ಚಿತ್ರ ನಿಲ್ಲಿಸಿದೆ. ಸಲೀಂ ಏನೋ ಹೇಳಿದ್ದ; ನಾನು ತಲೆಯೆತ್ತಿ ಪಕ್ಕಕ್ಕೆ ನೋಡಿದ್ದೆ. ಆ ಕಾಲದಲ್ಲಿ ನಾನು ಪರದೆಯನ್ನು ಎಷ್ಟು ನೋಡುತ್ತಿದ್ದೆನೋ ಅಷ್ಟೇ ಪಕ್ಕದವರ ಮುಖವನ್ನು ನೋಡುತ್ತಿದ್ದೆ ಎಂಬುದು ಆವಾಗ ಹೊಳೆಯಿತು. ಯಾವ ಮಾತಿಗೆ ಯಾರು ಮೊದಲು ನಗುತ್ತಾರೆ, ಯಾರು ಬಾಯಿ ಮುಚ್ಚಿಕೊಳ್ಳುತ್ತಾರೆ, ಯಾರ ಮಾವನ ಹಾಗೆ ಮಾಮಾ ನಡೆಯುತ್ತಾನೆ ಎಂದು ಯಾರು ಕಿವಿಯಲ್ಲಿ ಉಸುರುತ್ತಾರೆ, ಇವೆಲ್ಲ ಸೇರಿಯೇ ಆ ಸಿನಿಮಾ ಇತ್ತು. ಫೋನಿನಲ್ಲಿ ಉಳಿದಿರುವುದು ಅದರ ಅರ್ಧ.

ಉಳಿದರ್ಧ ಎಲ್ಲಿ ಹೋಯಿತು? ಒಂದೇ ಕಾರಣ ಹೇಳಲಾರೆ. ಗುಜರಾತಿನ ಹೊಳೆಯುವ ಟೈಲ್ಸು ಬಂದ ಮೇಲೆ ಶಹಾಬಾದಿ ಕಲ್ಲನ್ನು ಮನೆಯೊಳಗೆ ಹಾಸುವವರು ಕಡಿಮೆಯಾದರು. ಖಣಿಗಳು ಒಂದೊಂದಾಗಿ ನೀರು ತುಂಬಿಕೊಂಡವು; ಖಣಿಯ ಜತೆಗೆ ಮೇಸ್ತ್ರಿಗಳೂ ಲಾರಿಯವರೂ ಚದುರಿದರು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ನಮ್ಮ ನೆನಪಿನ ಕಾಲಕ್ಕೇ ನಿಂತುಹೋಗಿತ್ತು. ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳು ಇನ್ನೂ ಹೊಗೆ ಬಿಡುತ್ತಿವೆ, ಆದರೆ ಒಳಗೆ ಬೇಕಾದ ಕೈಗಳು ಕಡಿಮೆ. ಪಾಳಿ ಮುಗಿಸಿ ಬಂದವರು ಹೋಟೆಲಿನಲ್ಲಿ ತಾಸುಗಟ್ಟಲೆ ಕೂರುವ ಕಾಲ ಮುಗಿಯಿತು. ಹೋಟೆಲುಗಳವರೂ ಬೆಂಚು ತೆಗೆದು ಎತ್ತರದ ಮೇಜು ಹಾಕಿದರು. ನಿಂತು ಕುಡಿ, ಹೊರಡು.

ತೊಗರಿಯ ಹೊಲ ನಂಬಿದ ಚಿಂಚೋಳಿ, ಸೇಡಂ ಕಡೆಯ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೋಗುವವರು ಮೊದಲೂ ಇದ್ದರು. ಈಗ ಓದಿದವರೂ ಅದೇ ದಾರಿ ಹಿಡಿದ ಮೇಲೆ ಊರಿನಲ್ಲಿ ಉಳಿಯುವ ಹರೆಯದವರು ಸಿಗುವುದೇ ಹಬ್ಬಕ್ಕೆ. ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾರೆ, ಟೀವಿ ಮತ್ತು ಫೋನಿನಿಂದ ಹಿಂದಿ ಕಲಿಯುತ್ತಾರೆ. ಮುಸ್ಲಿಂ ದೋಸ್ತರ ಮನೆಗಳಲ್ಲಿ ಹಿರಿಯರು ಮಕ್ಕಳ ದಖ್ಖನಿಯನ್ನು ತಿದ್ದಿ ಶುದ್ಧ ಉರ್ದು ಮಾಡಿಸುತ್ತಾರೆ. ನಮ್ಮ ಮನೆಗಳಲ್ಲಿ ಸೇಡಂ ಕನ್ನಡವನ್ನು ತಿದ್ದಿ ಟೀವಿಯ ಕನ್ನಡ ಮಾಡಿಸುತ್ತಾರೆ. ಎರಡೂ ಕಡೆಯವರು ಮಕ್ಕಳ ಒಳ್ಳೆಯದಕ್ಕೇ ಮಾಡುತ್ತಾರೆ. ಆದರೆ ಹಾಗೆ ತಿದ್ದಿದ ಎರಡು ಮಾತುಗಳು ಒಂದೇ ಬೆಂಚಿನ ಮೇಲೆ ಕೂರಲಾರವು. ನಡುವೆ ಹುಲ್ಲಿನ ಹಾಗೆ ತಾನಾಗಿ ಬೆಳೆದಿದ್ದ ಮಾತು ಯಾರದೂ ಆಗದೆ ಒಣಗುತ್ತಿದೆ.

ಇನ್ನೊಂದು ಕಾರಣವನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಮೋಸ ಮಾಡಿದ ಹಾಗೆ. ಯಾರು ಯಾವ ಹೋಟೆಲಿಗೆ ಹೋಗುತ್ತಾರೆ ಎಂಬುದನ್ನು ಈಗ ಜನ ಗಮನಿಸುತ್ತಾರೆ. ಸಾಹುಕಾರನ ಉದ್ರಿಯ ಮೇಲೆ ಡ್ರೈವರ್ ಹಾರಿಸಿದಂಥ ಮಾತನ್ನು ಇವತ್ತು ಯಾರಾದರೂ ಹಾರಿಸಿದರೆ ಮೊದಲು ನಗುವ ಬದಲು, ಯಾರು ಯಾರನ್ನು ನೋಡಿ ಅಂದರು ಎಂಬ ಲೆಕ್ಕ ಬರುತ್ತದೆ. ಯಾರೋ ಅದನ್ನು ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ. ಎದುರಿಗೆ ಕೂತು ಗೇಲಿ ಮಾಡುವ ಸಲುಗೆ ಹೋದ ಊರಿನಲ್ಲಿ ಬೆನ್ನ ಹಿಂದಿನ ಮಾತು ಬೆಳೆಯುತ್ತದೆ. ನಮ್ಮ ಊರುಗಳಿಗೆ ಅದು ಹೊಸ ರೋಗ. ಅದನ್ನು ನೋಡುವಾಗ ನನಗೆ ಆಗುವ ನೋವನ್ನು ಮುಚ್ಚಿಡಲಾರೆ.

'ದಿ ಅಂಗ್ರೇಜ್' ಗೆದ್ದ ಮೇಲೆ ದಖ್ಖನಿ ಹಾಸ್ಯದ ಒಂದು ಸಣ್ಣ ಸುಗ್ಗಿಯೇ ಆಯಿತು. 2006ರಲ್ಲಿ 'ಹೈದರಾಬಾದ್ ನವಾಬ್ಸ್' ಬಂತು, ಗುಲ್ಲು ದಾದಾನ ಚಿತ್ರಗಳು ಬಂದವು. ಅವುಗಳಲ್ಲೂ ಒಳ್ಳೆಯ ಗಳಿಗೆಗಳಿವೆ. 2015ರಲ್ಲಿ 'ದಿ ಅಂಗ್ರೇಜ್ 2' ಬಂದಾಗ ಅದೇ ಇಸ್ಮಾಯಿಲ್ ಭಾಯಿ, ಅದೇ ಸಲೀಂ ಕಂಡರೂ ನನಗೆ ಅದು ಹತ್ತಲಿಲ್ಲ. ಅಷ್ಟರೊಳಗೆ ನಮ್ಮ ಗುಂಪು ಚದುರಿತ್ತು, ಬಹುಶಃ ಅದಕ್ಕೇ. ಈಗ ಕಲಬುರಗಿ, ಬೀದರಿನ ಹುಡುಗರು ಅರ್ಧ ನಿಮಿಷದ ರೀಲುಗಳಲ್ಲಿ ದಖ್ಖನಿ ಮಾತಾಡಿ ನಗಿಸುತ್ತಾರೆ. ಕೆಲವರು ಕಲಬುರಗಿ ಕನ್ನಡದಲ್ಲೂ ಮಾಡುತ್ತಾರೆ. ಅವರ ನಾಲಗೆ ಚುರುಕು, ಅವರನ್ನು ಕಂಡರೆ ನನಗೆ ಅಕ್ಕರೆ. ಆದರೆ ಅಲ್ಲಿ ಬುರುಡೆ ಬಿಡುವವನೂ ಅವನೇ, ಟೋಪಿ ಬದಲಿಸಿ ಬಂದು ಪ್ರಶ್ನೆ ಕೇಳುವವನೂ ಅವನೇ. ಹಗ್ಗ ಎಲ್ಲಿ ತಂದಿ ಎಂದು ಕೇಳಿ ಮೈಮೇಲೆ ತಂದುಕೊಳ್ಳುವ ಸಾಹುಕಾರ ಇಲ್ಲ.

ಚಿತ್ರ ಮುಗಿದ ಮೇಲೆ ಚಿಂಚೋಳಿಯ ದೋಸ್ತನಿಗೆ ಫೋನು ಮಾಡಿದೆ. ಈಗ ಅವನು ಪುಣೆಯಲ್ಲಿದ್ದಾನೆ. ಮೊದಮೊದಲು ಮುಂಬೈ ಕಡೆಯ ಹಿಂದಿಯಲ್ಲಿ ಮಾತಾಡಿದ, ನಾನು ಬೆಂಗಳೂರಿನ ಕನ್ನಡದಲ್ಲಿ. ಇಸ್ಮಾಯಿಲ್ ಭಾಯಿಯ ಹೆಸರೆತ್ತಿದ ಕೂಡಲೆ ಇಬ್ಬರ ನಾಲಗೆಯೂ ಹಳೆಯ ಹಳಿಗೆ ಬಿದ್ದವು. ಮಕ್ಕಳಿಗೆ ಆ ಸಿನಿಮಾ ತೋರಿಸಿದೆಯಾ ಅಂದೆ. ತೋರಿಸಿದ್ದನಂತೆ. ಅವರು ನಗಲಿಲ್ಲವಂತೆ. ಈ ಜನ ದಿನವಿಡೀ ಒಂದೇ ಕಡೆ ಯಾಕೆ ಕೂತಿರುತ್ತಾರೆ, ಇವರಿಗೆ ಆಫೀಸಿಲ್ಲವಾ ಎಂದು ಕೇಳಿದರಂತೆ.

"ಹಂಗಾರ ಡ್ರೈವರ್ ಚಾಚಾನ ಮಿನಾರಿನ ಕತಿ ಹೇಳು ಅವರಿಗೆ," ಅಂದೆ.

"ನನಗ ಪೂರಾ ನೆನಪಿಲ್ಲೋ. ನೀನೇ ಹೇಳು," ಅಂದು ಫೋನನ್ನು ಸ್ಪೀಕರಿಗೆ ಹಾಕಿ ಮಕ್ಕಳನ್ನು ಕರೆದ.

ಹೇಳಿದೆ. ಲಾರಿ ರಿವರ್ಸ್ ತೆಗೆದೆ, ಧಡ್ ಅನ್ನಿಸಿದೆ, ಮಿನಾರನ್ನು ವಾಲಿಸಿದೆ. ಅಲ್ಲಿ ನಿಲ್ಲಿಸಿ ಕಾದೆ, ಯಾವ ಮಿನಾರು ಎಂದು ಯಾರಾದರೂ ಕೇಳಲಿ ಎಂದು. ಕೇಳಲಿಲ್ಲ. ದೋಸ್ತನೇ ಕೇಳಿದ. ಬಳಿ ಬಜಾರದ ಕಡೀದು ಅಂದೆ. ಹಗ್ಗದ ತನಕ ಬಂದು ಮತ್ತೆ ನಿಂತೆ. ಆ ಕಡೆಯಿಂದ ಅವನ ಕಿರಿ ಮಗಳ ದನಿ ಬಂತು, ಶಾಲೆಯಲ್ಲಿ ಕಲಿತ ಚೊಕ್ಕ ಹಿಂದಿಯಲ್ಲಿ:

"ಅಂಕಲ್, ಯೇ ಸಚ್ ಮೇಂ ಹುವಾ ಥಾ ಕ್ಯಾ?"